ಜಾಬ್ ಕಾರ್ಡಿನ ಸಣ್ಣಕ್ಷರ ಮತ್ತು ನಮ್ಮ ಸಹಿ

ಗಡಿಯಲ್ಲಿರೋ ನಮಗೆ ಕಾರಿನ ಸರ್ವಿಸ್ ಅಂದ್ರೆ ಒಂದಿಡೀ ದಿನದ ಓಡಾಟ. ತಾಳವಾಡಿಯವರು ಚಾಮರಾಜನಗರಕ್ಕೆ, ಕಾಸರಗೋಡಿನವರು ಮಂಗಳೂರಿಗೆ, ರಾಯದುರ್ಗದವರು ಬಳ್ಳಾರಿಗೆ, ಅಕ್ಕಲಕೋಟೆಯವರು ಸೊಲ್ಲಾಪುರಕ್ಕೆ ಗಾಡಿ ಒಯ್ಯೋದುಂಟು. ಬೆಳಿಗ್ಗೆ ಕೀ ಕೊಟ್ಟು, ತೋರಿಸಿದ ಕಡೆ ಸಹಿ ಹಾಕಿ ಹೊರಡ್ತೇವೆ. ಆ ಕಾಗದವನ್ನು ಓದಿದವರು ನಮ್ಮಲ್ಲಿ ಎಷ್ಟು ಜನ?

ನಮ್ಮ ಬಳಗದ ಒಬ್ಬರು ಸಂಜೆ ಕಾರು ತರಲು ಹೋದರೆ ಮುಂದಿನ ಬಂಪರ್ ಒಡೆದಿತ್ತು. ಕೇಳಿದ್ದಕ್ಕೆ ಬಂದ ಉತ್ತರ: "ನಿಮ್ಮ ಇನ್ಶೂರೆನ್ಸ್‌ನಲ್ಲೇ ಕ್ಲೇಮ್ ಮಾಡ್ಕೊಳ್ಳಿ ಸಾರ್. ಗಾಡಿ ಮಾಲೀಕರ ಹೊಣೆ ಅಂತ ಇಲ್ಲೇ ಬರೆದಿದೆ, ನೀವೇ ಸಹಿ ಹಾಕಿದ್ದೀರಿ." ಅವರಿಗೆ ಓದಲು ಬಾರದ ಭಾಷೆಯಲ್ಲಿ, ಸಣ್ಣಕ್ಷರದಲ್ಲಿ ಅದು ನಿಜಕ್ಕೂ ಇತ್ತು. ಅವರು ತೆಪ್ಪಗೆ ವಾಪಸ್ ಬಂದರು. ಹಾಗೆ ಬರಬೇಕಾಗಿರಲಿಲ್ಲ ಅನ್ನೋದೇ ನಮ್ಮ ಮಾತು.

ರಿಪೇರಿಗೆ ಬಿಟ್ಟ ಗಾಡಿ ಶೋರೂಮಿನವರ ವಶದಲ್ಲಿರುವ ವಸ್ತು. 1872ರ ಭಾರತೀಯ ಕರಾರು ಕಾಯ್ದೆಯ 151ನೇ ಸೆಕ್ಷನ್ ಪ್ರಕಾರ, ಒಬ್ಬ ವಿವೇಕಿ ತನ್ನ ಸ್ವಂತ ವಸ್ತುವನ್ನು ನೋಡಿಕೊಳ್ಳುವಷ್ಟೇ ಜೋಪಾನವಾಗಿ ಅವರು ಅದನ್ನು ನೋಡಿಕೊಳ್ಳಬೇಕು. "ಮಾಲೀಕರ ಹೊಣೆ" ಅಂತ ಅಚ್ಚು ಹಾಕಿಸಿದ ಮಾತ್ರಕ್ಕೆ ಪಾರಾಗಬಹುದೇ? 1998ರಲ್ಲಿ ದೆಹಲಿಯ ತಾಜ್ ಮಹಲ್ ಹೋಟೆಲಿನಲ್ಲಿ ಪಾರ್ಕಿಂಗಿಗೆ ಕೀ ಸಮೇತ ಒಪ್ಪಿಸಿದ ಕಾರು ಕಳುವಾಯಿತು. ಹೋಟೆಲಿನವರು ಚೀಟಿಯ ಮೇಲಿದ್ದ ಇದೇ ಮಾತು ತೋರಿಸಿದರು. 2019ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್, ತಮ್ಮ ಅಥವಾ ತಮ್ಮ ನೌಕರರ ನಿರ್ಲಕ್ಷ್ಯದ ಹೊಣೆಯನ್ನು ಇಂಥ ಷರತ್ತಿನಿಂದ ಕಳಚಿಕೊಳ್ಳಲು ಬರುವುದಿಲ್ಲ ಅಂದಿತು. ಅದು ಹೋಟೆಲಿನ ಪ್ರಕರಣ ನಿಜ. ಆದರೆ ವಶಕ್ಕೆ ಪಡೆದವರ ಹೊಣೆ ಅನ್ನೋ ತತ್ವ ಸರ್ವಿಸ್ ಸೆಂಟರಿಗೂ ಅದೇ.

ಇನ್ನು ವಿಮೆ. ಕಾನೂನು ಕಡ್ಡಾಯ ಮಾಡಿರೋದು ಥರ್ಡ್ ಪಾರ್ಟಿ ವಿಮೆ. ಅದು ಬೇರೆಯವರಿಗೆ ಆದ ನಷ್ಟ ಕೊಡುತ್ತೆ, ನಿಮ್ಮ ಬಂಪರಿಗೆ ಒಂದು ರೂಪಾಯಿಯನ್ನೂ ಕೊಡಲ್ಲ. ಪೂರ್ತಿ ಪಾಲಿಸಿ ಇದ್ದು ಅದರಲ್ಲೇ ಕ್ಲೇಮ್ ಮಾಡಿದರೂ ಪೆಟ್ಟು ನಮಗೇ. ಕ್ಲೇಮ್ ಇಲ್ಲದ ಮೊದಲ ವರ್ಷಕ್ಕೆ ಶೇ. 20ರಿಂದ ಶುರುವಾಗಿ ಶೇ. 50ರವರೆಗೆ ಏರುವ ನೋ ಕ್ಲೇಮ್ ಬೋನಸ್ ಹೋಗುತ್ತೆ. ಅವರು ಗುದ್ದಿದ್ದಕ್ಕೆ ನಾವೇಕೆ ತೆರಬೇಕು? ವಶದಲ್ಲಿರುವ ಗಾಡಿಗಳಿಗಾಗಿ ಡೀಲರುಗಳು ಮಾಡಿಸಿಕೊಳ್ಳಲೆಂದೇ ಮೋಟಾರ್ ಟ್ರೇಡ್ ಪಾಲಿಸಿಗಳಿವೆ: ಟ್ರಯಲ್ ಓಡಿಸುವಾಗಿನ ಅಪಾಯಕ್ಕೆ ಒಂದು, ಆವರಣದೊಳಗಿನ ಅಪಾಯಕ್ಕೆ ಇನ್ನೊಂದು. ಅವರು ಮಾಡಿಸಿಲ್ಲ ಅಂದ್ರೆ ಅದು ಅವರ ಲೆಕ್ಕ, ನಮ್ಮ ಹಕ್ಕು ಅದರಿಂದ ಕಮ್ಮಿ ಆಗಲ್ಲ. ಆದರೆ ಎಲ್ಲ ಜಾಗ್ರತೆ ಮಾಡಿಯೂ ನೆರೆ ನುಗ್ಗಿ ಹಾನಿಯಾದರೆ ಶೋರೂಮು ಹೊಣೆಯಾಗದೇ ಇರಬಹುದು. ಆಗ ಕಾಯೋದು ನಿಮ್ಮ ಪೂರ್ತಿ ಪಾಲಿಸಿ ಮಾತ್ರ.

ಹಾಗಾಗಿ ಕೀ ಕೊಡುವ ಮುಂಚೆ ನಾಲ್ಕೂ ಕಡೆಯಿಂದ ಫೋಟೋ, ಮೀಟರಿನದೊಂದು ಫೋಟೋ ತೆಗೆಯಿರಿ. ಹಳೆಯ ಗೀರುಗಳನ್ನು ಜಾಬ್ ಕಾರ್ಡಿನಲ್ಲಿ ಬರೆಸಿ, ಪ್ರತಿ ಇಸ್ಕೊಳ್ಳಿ. "ನಿಮ್ಮಲ್ಲಿರುವಾಗ ಏನಾದರೂ ಆದರೆ ಯಾವ ವಿಮೆ?" ಅಂತ ಕೇಳಿ. ಓದಲು ಬಾರದಿದ್ದರೆ "ಏನಿದೆ ಹೇಳಿ" ಅನ್ನಿ. ಅದರಲ್ಲಿ ನಾಚಿಕೆ ಏನಿಲ್ಲ. ವಾಪಸ್ ಪಡೆಯುವಾಗ ನೋಡದೆ "ಸರಿಯಾಗಿದೆ" ಅಂತ ಸಹಿ ಹಾಕಬೇಡಿ.

ಗಡಿಯವರಿಗೆ ಮುಖ್ಯವಾದದ್ದು ಇನ್ನೊಂದಿದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆ ಬಂದ ಮೇಲೆ ನೀವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಶೋರೂಮು ಬಳ್ಳಾರಿಯಲ್ಲಿದ್ದರೂ ರಾಯದುರ್ಗದವರ ದೂರು ಅನಂತಪುರದಲ್ಲಿ ನಡೆಯುತ್ತೆ. ವಕೀಲರು ಬೇಕೇಬೇಕೆಂದಿಲ್ಲ. 5 ಲಕ್ಷದವರೆಗಿನ ಸೇವೆಗೆ ದೂರಿನ ಶುಲ್ಕ ಇಲ್ಲ. 2 ವರ್ಷದೊಳಗೆ ಕೊಡಬೇಕು ಅಷ್ಟೇ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು, ಮಾತಾಡಿ. ಗಾಡಿಯೇ ಕಳುವಾದರೆ ಪೊಲೀಸರಿಗೆ ಕನ್ನಡದಲ್ಲೇ ಬರೆದುಕೊಡಿ. ಕುಂದುಕೊರತೆಯ ಮನವಿಯನ್ನು ದೇಶದಲ್ಲಾಗಲಿ ಆ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೊಡುವ ಹಕ್ಕು ಸಂವಿಧಾನದ 350ನೇ ವಿಧಿಯಲ್ಲಿದೆ.

ಕೊನೆಗೊಂದು ಮಾತು, ಶೋರೂಮುಗಳಲ್ಲಿ ಕೆಲಸಕ್ಕಿರೋ ನಮ್ಮ ಹುಡುಗ ಹುಡುಗಿಯರಿಗೆ. ಕೌಂಟರಿನ ಆಚೆ ನಿಂತ ಅಜ್ಜನೋ ಅಕ್ಕನೋ ಕನ್ನಡದವರು ಅಂತ ಗೊತ್ತಾದರೆ, ಸಹಿಗೆ ಬೆರಳು ತೋರಿಸುವ ಮುಂಚೆ ಆ ಸಣ್ಣಕ್ಷರವನ್ನು ಕನ್ನಡದಲ್ಲಿ ಹೇಳಿ. ಎರಡು ನಿಮಿಷದ ಕೆಲಸ. ಶಾಲೆಗೆ, ಬೋರ್ಡಿಗೆ ನಾವು ಕೇಳುತ್ತಿರುವ ಕನ್ನಡ ಇಲ್ಲೂ ಬೇಕು.