ದಿಬ್ಬಣದ ಕುದುರೆಗೂ ಸೊಳ್ಳೆ ಕಚ್ಚುತ್ತದೆ

ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿ ಪರಿಸರದ ತುಳು-ಕನ್ನಡಿಗರ ಮದುವೆ ದಿಬ್ಬಣಗಳಲ್ಲೂ ಈಗ ಕುದುರೆ ಕಾಣಸಿಗುತ್ತದೆ. ಸಂಘದ ವಿಹಾರಕೂಟ ಮಾಥೇರಾನ್‌ಗೆ ಹೋದರೆ ಮಕ್ಕಳು ಮೊದಲು ಕೇಳುವುದೇ ಕುದುರೆ ಸವಾರಿ. ಮೋಟಾರು ವಾಹನಗಳಿಗೆ ನಿರ್ಬಂಧವಿರುವ ಆ ಗಿರಿಧಾಮಕ್ಕೆ 2022ರ ಕೊನೆಯಲ್ಲಿ ಇ-ರಿಕ್ಷಾ ಬಂದರೂ ಅನೇಕ ಕುಟುಂಬಗಳ ಹೊಟ್ಟೆಪಾಡು ಕುದುರೆಯನ್ನೇ ನಂಬಿದೆ. ಆದರೆ ಮಳೆಗಾಲದಲ್ಲಿ ನಮ್ಮ ಕಿಟಕಿಗಳಿಗೆ ಬಲೆ ಹಾಕಿಸುವ ನಮಗೆ, ಲಾಯದಲ್ಲಿ ಕಟ್ಟಿಹಾಕಿದ ಮೂಕಪ್ರಾಣಿಯ ನೆನಪು ಬರುವುದು ಕಡಿಮೆ.

ಜಪಾನೀಸ್ ಎನ್ಸೆಫಲೈಟಿಸ್, ಅಂದರೆ ಊರಿನಲ್ಲಿ ಮೆದುಳು ಜ್ವರ ಎನ್ನುವ ಕಾಯಿಲೆ ನಮಗೆ ಅಪರಿಚಿತವಲ್ಲ. 2022ರ ಡಿಸೆಂಬರ್‌ನಲ್ಲಿ ಕರ್ನಾಟಕ ಸರಕಾರ ದಕ್ಷಿಣ ಕನ್ನಡ, ಉಡುಪಿ ಸೇರಿ 10 ಜಿಲ್ಲೆಗಳಲ್ಲಿ 1ರಿಂದ 15 ವರ್ಷದ ಮಕ್ಕಳಿಗೆ ಇದರ ಲಸಿಕೆ ಅಭಿಯಾನ ಕೈಗೊಂಡಿತ್ತು. ಇದೇ ವೈರಸ್ ಕುದುರೆಯ ಮೆದುಳಿಗೂ ಹಾನಿ ಮಾಡಬಲ್ಲದು. ಸೋಂಕು ತಗಲಿದ ಹೆಚ್ಚಿನ ಕುದುರೆಗಳಲ್ಲಿ ಲಕ್ಷಣವೇ ಕಾಣದು. ಕೆಲವು ಮಾತ್ರ ಜ್ವರ ಬಂದು ಮೇವು ಬಿಡುತ್ತವೆ, ತೂರಾಡುತ್ತವೆ, ಕೊನೆಗೆ ನೆಲ ಹಿಡಿಯುತ್ತವೆ. ವೈರಸ್ಸನ್ನು ಕೊಲ್ಲುವ ಔಷಧ ಇಲ್ಲ, ಆರೈಕೆಯೊಂದೇ ದಾರಿ.

ಇಲ್ಲೊಂದು ತಪ್ಪು ಕಲ್ಪನೆ ದೂರವಾಗಬೇಕು. ಕುದುರೆಯಿಂದ ಮನುಷ್ಯನಿಗೆ ಈ ರೋಗ ಹರಡುವುದಿಲ್ಲ. ವೈರಸ್ ಬೆಳೆಯುವುದು ಹಂದಿ ಮತ್ತು ಬೆಳ್ಳಕ್ಕಿಯಂಥ ನೀರುಹಕ್ಕಿಗಳಲ್ಲಿ. ಕುದುರೆಯ ಹಾಗೂ ಮನುಷ್ಯನ ರಕ್ತದಲ್ಲಿ ಅದು ಮತ್ತೊಂದು ಸೊಳ್ಳೆಗೆ ಅಂಟುವಷ್ಟು ಹೆಚ್ಚುವುದಿಲ್ಲ. ಆದ್ದರಿಂದ ಮೆದುಳು ಜ್ವರದ ಭಯದಿಂದ ಲಾಯವನ್ನೇ ಎಬ್ಬಿಸಿ ಎಂದು ದೂರುವುದು ನ್ಯಾಯವಲ್ಲ. ಈ ವಿಷಯದಲ್ಲಿ ಕುದುರೆಯೂ ನಮ್ಮಂತೆ ಬಲಿಪಶು.

ರೋಗ ಹರಡುವ ಕ್ಯೂಲೆಕ್ಸ್ ಸೊಳ್ಳೆ ಭತ್ತದ ಗದ್ದೆ, ನಿಂತ ನೀರಿನಲ್ಲಿ ಹುಟ್ಟಿ ಮುಸ್ಸಂಜೆಯಿಂದ ಬೆಳಗಿನವರೆಗೆ ಕಚ್ಚುತ್ತದೆ. ನಮ್ಮ ದಿಬ್ಬಣ ಹೊರಡುವುದೂ ಹೆಚ್ಚಾಗಿ ಅದೇ ಹೊತ್ತಿಗೆ. ವರನ ಅಲಂಕಾರ ಮುಗಿಯುವ ತನಕ ಕುದುರೆ ಸಭಾಗೃಹದ ಹಿಂದಿನ ಚರಂಡಿಯ ಬಳಿ ಗಂಟೆಗಟ್ಟಲೆ ನಿಲ್ಲುತ್ತದೆ. ಅದನ್ನು ಬೆಳಕು, ಗಾಳಿ ಇರುವ ಒಣ ಜಾಗದಲ್ಲಿ ನಿಲ್ಲಿಸಲು, ದಿಬ್ಬಣವನ್ನು ಹಗಲಿಗೇ ಇಟ್ಟುಕೊಳ್ಳಲು ನಮಗೇನು ಅಡ್ಡಿ?

ಜಪಾನ್, ಹಾಂಗ್‌ಕಾಂಗ್‌ಗಳಲ್ಲಿ ಪಂದ್ಯದ ಕುದುರೆಗಳಿಗೆ ಇದರ ಲಸಿಕೆ ಹಾಕುತ್ತಾರೆ. ಬಾಡಿಗೆ ಕುದುರೆಯ ಮಾಲೀಕನಿಗೆ ದಿನದ ಹುರುಳಿ, ಮೇವಿನ ಖರ್ಚೇ ಭಾರ. ಬಾಡಿಗೆಯಲ್ಲಿ ನೂರಿನ್ನೂರು ಚೌಕಾಸಿ ಮಾಡುವ ಬದಲು, ಲಾಯಕ್ಕೊಂದು ಸೊಳ್ಳೆಬಲೆ, ಒಂದು ಫ್ಯಾನು ಇದೆಯೇ ಎಂದು ಕೇಳಿದರೆ ಅವನಿಗೂ ಅದರ ಮಹತ್ವ ತಿಳಿಯುತ್ತದೆ. ಮುಚ್ಚಿದ ಲಾಯದಲ್ಲಿ ದಟ್ಟ ಹೊಗೆ ಹಾಕಿದರೆ ಕುದುರೆಯ ಶ್ವಾಸಕೋಶಕ್ಕೇ ಕೇಡು ಎಂಬುದನ್ನೂ ಹೇಳಬೇಕು.

ನಮ್ಮ ಸಂಘ-ಸಂಸ್ಥೆಗಳು ವರ್ಷವೂ ವೈದ್ಯಕೀಯ ಶಿಬಿರ ನಡೆಸುತ್ತಿರುವುದು ಸ್ತುತ್ಯರ್ಹ. ಈ ಬಾರಿ ಮಳೆಗಾಲಕ್ಕೆ ಮುನ್ನ ಪಶುವೈದ್ಯರೊಬ್ಬರನ್ನು ಕರೆಸಿ, ಹತ್ತಿರದ ಕುದುರೆ ಮಾಲೀಕರನ್ನೂ ಕೂರಿಸಿ ಅರ್ಧ ದಿನದ ಮಾಹಿತಿ ಶಿಬಿರ ಏರ್ಪಡಿಸಲಿ. ಯುವ ವಿಭಾಗದವರು ಲಾಯದ ಸುತ್ತಲಿನ ನಿಂತ ನೀರು ಹರಿದುಹೋಗುವಂತೆ ಮಾಡಲಿ. ಆ ನೀರು ಇಲ್ಲವಾದರೆ ಕುದುರೆಗೆ ಎಷ್ಟು ಲಾಭವೋ, ಪಕ್ಕದ ಚಾಳಿನಲ್ಲಿ ಮಲಗುವ ಮಗುವಿಗೂ ಅಷ್ಟೇ ಲಾಭ.