ಹೆಸರು ಸಿಗದ ಬಿಡಿಭಾಗ

ಹಳೆಯ ಯುದ್ಧಟ್ಯಾಂಕುಗಳನ್ನು ಮತ್ತೆ ಓಡುವ ಸ್ಥಿತಿಗೆ ತರುವ ಹವ್ಯಾಸಿಗಳು, ಮ್ಯೂಸಿಯಂನವರು ಪಶ್ಚಿಮದ ದೇಶಗಳಲ್ಲಿ ಬಹಳ ಜನ ಇದ್ದಾರೆ. ಅವರ ಕೆಲಸದಲ್ಲಿ ಎಂಜಿನ್ ಕೂಡಿಸುವುದಕ್ಕಿಂತ ದೊಡ್ಡ ತಲೆನೋವು ಒಂದಿದೆ. ಟ್ಯಾಂಕಿನ ಜೊತೆಗೆ ಪೆಟ್ಟಿಗೆಗಟ್ಟಲೆ ತುಕ್ಕು ಹಿಡಿದ ಬಿಡಿಭಾಗಗಳು ಬರುತ್ತವೆ. ಯಾವುದು ಎಲ್ಲಿ ಕೂರಬೇಕು, ಅದು ಈ ಟ್ಯಾಂಕಿನದೇ ಹೌದೇ ಎಂದು ಹೇಳಲು ಯಾರೂ ಇಲ್ಲ. ತಯಾರಿಸಿದ ಕಾರ್ಖಾನೆ ಮುಚ್ಚಿರುತ್ತದೆ, ಓಡಿಸಿದವರು ತೀರಿಕೊಂಡಿರುತ್ತಾರೆ. ಈ ಗುರುತು ಹಿಡಿಯುವ ಕೆಲಸದ ಬಗ್ಗೆ ಬಹಳ ದಿನಗಳಿಂದ ಸುಮ್ಮನೆ ಕುತೂಹಲಕ್ಕೆ ಓದುತ್ತಿದ್ದೆ. ನಮ್ಮ ಬೋಧನಾಭ್ಯಾಸಕ್ಕೂ ಅದಕ್ಕೂ ಏನು ಸಂಬಂಧ ಎಂಬುದು ಹೊಳೆದದ್ದು ನಾನೇ ಒಂದು ತಪ್ಪು ಮಾಡಿದ ಮೇಲೆ.

ಕಳೆದ ಬೋಧನಾಭ್ಯಾಸದಲ್ಲಿ ಎಂಟನೆಯ ತರಗತಿಯ ಘರ್ಷಣೆ ಪಾಠಕ್ಕೆ ಒಬ್ಬ ಪ್ರಶಿಕ್ಷಣಾರ್ಥಿ ಗುಜರಿ ಅಂಗಡಿಯಿಂದ ಒಂದು ಹಲ್ಲುಚಕ್ರ ತಂದಿದ್ದರು. "ಇದು ಯಾವ ಯಂತ್ರದ್ದು ಇರಬಹುದು?" ಎಂದು ಕೇಳಿ ಮಕ್ಕಳ ಕೈಗೇ ಕೊಟ್ಟರು. ಕಬ್ಬಿನ ಹಾಲು ತೆಗೆಯುವ ಮೆಷಿನ್ನಿನದು ಎಂದಳು ಒಬ್ಬಳು. ಹಿಟ್ಟಿನ ಗಿರಣಿಯದು ಎಂದ ಇನ್ನೊಬ್ಬ. ಹಿಂದಿನ ಬೆಂಚಿನ ಹುಡುಗ ಹಲ್ಲುಗಳ ಮೇಲೆ ಹೆಬ್ಬೆರಳು ಆಡಿಸಿ, "ಮಿಸ್, ಒಂದೇ ಕಡೆ ಸವೆದಿದೆ. ಒಂದೇ ದಿಕ್ಕಿಗೆ ತಿರುಗ್ತಿತ್ತು ಅನ್ಸುತ್ತೆ" ಎಂದ. ಆಮೇಲೆ ಚಕ್ರ ಬೆಂಚಿನಿಂದ ಬೆಂಚಿಗೆ ಹೋಯಿತು, ಎಲ್ಲರ ಹೆಬ್ಬೆರಳೂ ಕಪ್ಪಾಯಿತು. ಗಂಟೆ ಹೊಡೆದಾಗ ಆಕೆ, "ಯಾವ ಯಂತ್ರದ್ದು ಅಂತ ನನಗೂ ಖಚಿತವಾಗಿ ಗೊತ್ತಿಲ್ಲ" ಎಂದುಬಿಟ್ಟರು. ವೀಕ್ಷಣಾ ಪುಸ್ತಕದಲ್ಲಿ ನಾನು ಬರೆದೆ: "ಬೋಧನೋಪಕರಣದ ಪೂರ್ವಪರಿಚಯ ಇಲ್ಲ. ಪಾಠಕ್ಕೆ ಮುಕ್ತಾಯ ಇಲ್ಲ." ಅಂಕವನ್ನೂ ಕಡಿಮೆ ಕೊಟ್ಟೆ. ಆಕೆ ಏನೂ ಹೇಳದೆ ಸಹಿ ಮಾಡಿಸಿಕೊಂಡು ಹೋದರು.

ಟ್ಯಾಂಕಿನವರು ಅಪರಿಚಿತ ಭಾಗವೊಂದನ್ನು ಕೈಗೆತ್ತಿಕೊಂಡಾಗ ಹೆಸರಿನ ಗೊಡವೆಗೆ ಅವಸರದಲ್ಲಿ ಹೋಗುವುದಿಲ್ಲ. ಮೊದಲು ತುಕ್ಕು ಉಜ್ಜಿ ಅಕ್ಷರ, ಅಂಕಿ ಏನಾದರೂ ಉಳಿದಿದೆಯೇ ನೋಡುತ್ತಾರೆ. ಎರಡನೆಯ ಮಹಾಯುದ್ಧದ ಅಮೆರಿಕನ್ ಟ್ಯಾಂಕಿನ ಭಾಗವಾದರೆ ಅದರ ಮೇಲಿನ ಸಂಖ್ಯೆ ಸಾಮಾನ್ಯವಾಗಿ ಅದರ ನಕ್ಷೆಯ ಸಂಖ್ಯೆಯೇ. ಮುಂದಿರುವ ಇಂಗ್ಲಿಷ್ ಅಕ್ಷರ ಆ ನಕ್ಷೆಯ ಹಾಳೆ ಎಷ್ಟು ದೊಡ್ಡದು ಎಂದು ಹೇಳುತ್ತದೆ. ಜರ್ಮನರು ಕಾರ್ಖಾನೆಯ ಹೆಸರನ್ನು ಮುಚ್ಚಿಡಲು ಮೂರಕ್ಷರದ ಸಂಕೇತ ಒತ್ತುತ್ತಿದ್ದರು. ಬಿ-ಇ-ಎಚ್ ಎಂದಿದ್ದರೆ ಅದು ಲೈಟ್ಜ್ ಕಂಪನಿ, ಲೈಕಾ ಕ್ಯಾಮೆರಾ ಮಾಡಿದವರು. ಅಂಕಿಯೆಲ್ಲ ಅಳಿಸಿಹೋಗಿದ್ದರೆ ಬೋಲ್ಟಿನ ಥ್ರೆಡ್ ಇದೆ. ಬ್ರಿಟನ್ನಿನ ವಿಟ್‌ವರ್ತ್ ಥ್ರೆಡ್ಡಿನ ಕೋನ 55 ಡಿಗ್ರಿ, ಅಮೆರಿಕದ್ದು 60. ಮಿತ್ರದೇಶಗಳಾಗಿದ್ದೂ ಒಬ್ಬರ ನಟ್ಟು ಇನ್ನೊಬ್ಬರ ಬೋಲ್ಟಿಗೆ ಕೂರದೆ ಯುದ್ಧದುದ್ದಕ್ಕೂ ಪೇಚಾಡಿ, 1948ರಲ್ಲಿ ಅಮೆರಿಕ, ಬ್ರಿಟನ್, ಕೆನಡಾ ಒಂದು ಸಾಮಾನ್ಯ ಮಾನಕಕ್ಕೆ ಒಪ್ಪಿದವು. ಹಾಗಾಗಿ ಕೈಯಲ್ಲೊಂದು ಥ್ರೆಡ್ ಗೇಜ್ ಇದ್ದರೆ ಹೆಸರಿಲ್ಲದ ಕಬ್ಬಿಣವೂ ತನ್ನ ಊರಿನ ಸುಳಿವು ಕೊಡುತ್ತದೆ.

ಶರ್ಮನ್ ಟ್ಯಾಂಕಿನದು ಇನ್ನೂ ಸ್ವಾರಸ್ಯ. ಒಂದೇ ಟ್ಯಾಂಕಿನ ಬೇರೆ ಬೇರೆ ಮಾದರಿಗಳಿಗೆ ಬೇರೆ ಬೇರೆ ಎಂಜಿನ್. ಒಂದರಲ್ಲಿ ವಿಮಾನಕ್ಕೆಂದು ರೂಪಿಸಿದ್ದ ಒಂಬತ್ತು ಸಿಲಿಂಡರಿನ ಎಂಜಿನ್. ಇನ್ನೊಂದರಲ್ಲಿ ಕ್ರೈಸ್ಲರ್ ಕಂಪನಿ ಕಾರಿನ ಆರು ಸಿಲಿಂಡರ್ ಎಂಜಿನ್ ಐದನ್ನು ಒಟ್ಟಿಗೆ ಜೋಡಿಸಿ ಮಾಡಿದ ಮೂವತ್ತು ಸಿಲಿಂಡರಿನ ದೈತ್ಯ. ಅಂದಮೇಲೆ ಶರ್ಮನ್ನಿನ ಪೆಟ್ಟಿಗೆಯಲ್ಲಿ ಸಿಕ್ಕ ತುಂಡಿನ ಗುರುತು ಟ್ಯಾಂಕಿನ ಕೈಪಿಡಿಯಲ್ಲಿ ಇಲ್ಲದೆ ವಿಮಾನದ್ದರಲ್ಲೋ ಕಾರಿನದ್ದರಲ್ಲೋ ಇರಬಹುದು. (ವಿಷಯಕ್ಕೊಂದು ಪೀರಿಯಡ್ ಹಂಚಿ ಕೂತಿರುವ ನಮಗೆ ಇದು ಸ್ವಲ್ಪ ಇರುಸುಮುರುಸಿನ ಸಂಗತಿ.)

ಕೊನೆಗೆ ಸವೆತ. ಟ್ಯಾಂಕಿನ ಪಟ್ಟಿಯನ್ನು ಎಳೆಯುವ ಹಲ್ಲುಚಕ್ರದ ಹಲ್ಲುಗಳು ಮುಂದಕ್ಕೆ ಓಡುವಾಗ ಭಾರ ಬೀಳುವ ಮಗ್ಗುಲಲ್ಲೇ ಹೆಚ್ಚು ಸವೆಯುತ್ತವೆ. ಸವೆಯದ ಮಗ್ಗುಲು ಬಳಕೆಗೆ ಬರಲೆಂದು ಚಕ್ರವನ್ನು ತಿರುಗಿಸಿ ಹಾಕುವ ರೂಢಿಯೂ ಇತ್ತು. ಹೀಗಾಗಿ ಸವೆತ ನೋಡಿದರೆ ಆ ಭಾಗ ಹೇಗೆ ದುಡಿದಿತ್ತು ಎಂಬುದನ್ನು ಬಹುಮಟ್ಟಿಗೆ ಓದಬಹುದು. ಹಿಂದಿನ ಬೆಂಚಿನ ಹುಡುಗ ಹೆಬ್ಬೆರಳಿನಿಂದ ಮಾಡಿದ್ದೂ ಇದನ್ನೇ. ಘರ್ಷಣೆಯಿಂದ ಸವೆತ ಎಂಬ ಕಲಿಕಾಂಶ ಅವನ ಕೈಯಲ್ಲೇ ಇತ್ತು. ನಾನು ಕಪ್ಪುಹಲಗೆಯ ಮೇಲೆ ಹುಡುಕುತ್ತಿದ್ದೆ.

ಇಷ್ಟೆಲ್ಲ ಮಾಡಿದರೂ ಗುರುತು ಸಿಗದ ಭಾಗಗಳು ಉಳಿಯುತ್ತವೆ. ಅನುಭವಸ್ಥರು ಅವನ್ನು ಎಸೆಯುವುದಿಲ್ಲ, ಊಹೆಯ ಹೆಸರನ್ನೂ ಅಂಟಿಸುವುದಿಲ್ಲ. ಎಲ್ಲಿ ಸಿಕ್ಕಿತು, ಪಕ್ಕದಲ್ಲಿ ಏನಿತ್ತು, ಅಳತೆ ಎಷ್ಟು ಎಂದು ಬರೆದ ಚೀಟಿ ಕಟ್ಟಿ ಕಪಾಟಿಗೆ ಸೇರಿಸುತ್ತಾರೆ.

ಊಹೆಯ ಉತ್ತರ ಎಷ್ಟು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಬೋವಿಂಗ್ಟನ್‌ನ ಟ್ಯಾಂಕ್ ಮ್ಯೂಸಿಯಂನಲ್ಲಿರುವ ಟೈಗರ್ 131 ನೋಡಿ. 1943ರ ಏಪ್ರಿಲ್‌ನಲ್ಲಿ ಟ್ಯುನೀಸಿಯಾದಲ್ಲಿ ಬ್ರಿಟಿಷರ ಕೈಗೆ ಸಿಕ್ಕ ಜರ್ಮನ್ ಟ್ಯಾಂಕ್ ಇದು. ಇಂಗ್ಲೆಂಡಿಗೆ ತಂದು ಬಿಚ್ಚಿ ಪರೀಕ್ಷಿಸಿದರು. 1951ರಲ್ಲಿ ಮ್ಯೂಸಿಯಂ ಸೇರಿತು. 1990ರಲ್ಲಿ ದುರಸ್ತಿಗೆ ಇಳಿಸಿದ್ದು, ಎಂಜಿನ್ ಓಡುವ ಸ್ಥಿತಿಯಲ್ಲಿ ಪ್ರದರ್ಶನಕ್ಕೆ ಮರಳಿದ್ದು 2003ರ ಡಿಸೆಂಬರ್‌ನಲ್ಲಿ. ಅದರ ಮೂಲ ಎಂಜಿನ್ನನ್ನು ಒಳಭಾಗ ತೋರಿಸಲೆಂದು ಹಿಂದೆಯೇ ಸೀಳಿಬಿಟ್ಟಿದ್ದರು. ಆದ್ದರಿಂದ ಇನ್ನೊಂದು ಟ್ಯಾಂಕಿನ ಎಂಜಿನ್ ತಂದು ಕೂಡಿಸಬೇಕಾಯಿತು. ಬೋಧನೋಪಕರಣದ ಮೇಲಿನ ಅತಿಪ್ರೀತಿ ನಮ್ಮಲ್ಲಿ ಮಾತ್ರ ಇರುವುದಲ್ಲ.

ಈ ಟ್ಯಾಂಕ್ ಏಪ್ರಿಲ್ 21ರಂದು ಜೆಬೆಲ್ ಜಾಫಾ ಎಂಬಲ್ಲಿ ಸಿಕ್ಕಿತು ಎಂದೇ ದಶಕಗಳ ಕಾಲ ಎಲ್ಲರೂ ನಂಬಿದ್ದರು. ಆ ಯುದ್ಧದಲ್ಲಿದ್ದ ಒಬ್ಬ ಸೈನಿಕನ ಮಗ, ತಂದೆ ಹೇಳುತ್ತಿದ್ದ ಕಥೆಗೂ ಈ ಟ್ಯಾಂಕಿಗೂ ಹೋಲಿಕೆ ಕಂಡು ಹುಡುಕಾಟಕ್ಕೆ ಇಳಿದರು. ಸಿಕ್ಕಿದ್ದು ಏಪ್ರಿಲ್ 24ರಂದು, ಗ್ವೆರಿಯತ್ ಎಲ್ ಅತಾಶ್ ಎಂಬಲ್ಲಿ ಎಂದು ಈಗ ಒಪ್ಪಲಾಗಿದೆ. ಫಿರಂಗಿ ನಳಿಗೆಯ ಕೆಳಗೆ ತಾಗಿ ಗೋಪುರವನ್ನು ತಿರುಗದಂತೆ ಮಾಡಿದ ಗುಂಡಿನ ಗಾಯ ಅಷ್ಟು ವರ್ಷವೂ ಅದೇ ಜಾಗದಲ್ಲಿತ್ತು. ಯಾರೂ ಸುಳ್ಳು ಹೇಳಿರಲಿಲ್ಲ. ಉತ್ತರ ಒಂದು ಇತ್ತಲ್ಲ, ಮತ್ತೆ ನೋಡುವ ಅಗತ್ಯ ಕಾಣಲಿಲ್ಲ ಅಷ್ಟೆ ಎಂದು ನನ್ನ ಅನಿಸಿಕೆ.

ನಮ್ಮ ತರಗತಿಗಳಲ್ಲಿ ನಡೆಯುವುದೂ ಹೀಗೆಯೇ. ಪಾಠ ಯೋಜನೆಯಲ್ಲಿ ಪರಿಶೋಧನೆಯ ಹಂತ ಚೆನ್ನಾಗಿಯೇ ಬರೆದಿರುತ್ತದೆ. ಆದರೆ ಪ್ರಶಿಕ್ಷಣಾರ್ಥಿ ಪ್ರಶ್ನೆ ಕೇಳಿ, ಮಗು ಕೈ ಎತ್ತುವ ಮೊದಲೇ ತಾನೇ ಹೆಸರು ಹೇಳಿ, ಹಲಗೆಯ ಮೇಲೆ ಬರೆದು ಅಡಿಗೆರೆ ಎಳೆಯುತ್ತಾರೆ. ಹೆಸರು ಬಂದ ಕ್ಷಣವೇ ಮಕ್ಕಳು ವಸ್ತುವಿನಿಂದ ಕಣ್ಣು ತೆಗೆದು ಹಲಗೆ ನೋಡತೊಡಗುತ್ತಾರೆ. ಹೀಗೆ ಮಾಡಿದವರಿಗೆ ನಾವು ಒಳ್ಳೆಯ ಅಂಕ ಕೊಡುತ್ತೇವೆ. ತಪ್ಪು ಪ್ರಶಿಕ್ಷಣಾರ್ಥಿಗಳದಲ್ಲ, ಅಂಕ ಎಲ್ಲಿದೆಯೋ ಅತ್ತ ಅವರು ಹೋಗುತ್ತಾರೆ.

ಇದನ್ನು ವಿಭಾಗದಲ್ಲಿ ಪ್ರಸ್ತಾಪಿಸಿದಾಗ ಸಹೋದ್ಯೋಗಿಯೊಬ್ಬರು, "ಗೊತ್ತಿಲ್ಲ ಅನ್ನೋದಕ್ಕೂ ಅಂಕ ಕೊಟ್ಟರೆ ನಾಳೆಯಿಂದ ಯಾರೂ ತಯಾರಾಗಿ ಬರಲ್ಲ ಸರ್" ಎಂದರು. ಕೊಲ್ಲುವ ಯಂತ್ರವನ್ನು ಬಿಟ್ಟು ಬೇರೆ ಉದಾಹರಣೆ ಸಿಗಲಿಲ್ಲವೇ ಎಂದು ಇನ್ನೊಬ್ಬರು ಕೇಳಿದರು. ಎರಡನೆಯ ಮಾತಿಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಎಣ್ಣೆ ಗಾಣದ ಉದಾಹರಣೆಯೂ ನಡೆದೀತು. ಮೊದಲನೆಯದಕ್ಕೆ ಉತ್ತರ ಆ ಚೀಟಿಯಲ್ಲಿದೆ. ತಯಾರಿಲ್ಲದೆ ಬಂದವರು "ಗೊತ್ತಿಲ್ಲ" ಎಂದು ಅಲ್ಲಿಗೇ ಬಿಡುತ್ತಾರೆ. ತಯಾರಾಗಿ ಬಂದವರು ಇಲ್ಲಿಯವರೆಗೆ ಏನು ಗೊತ್ತಾಯಿತು, ಮುಂದೆ ಏನು ಅಳೆಯಬೇಕು, ಯಾರನ್ನು ಕೇಳಬೇಕು ಎಂದು ಬರೆಸುತ್ತಾರೆ. ಇದು ನಲವತ್ತು ನಿಮಿಷದಲ್ಲಿ ಐದು ನಿಮಿಷದ ಕೆಲಸ. ನಮ್ಮ ಪ್ರಶಿಕ್ಷಣಾರ್ಥಿಯಲ್ಲಿ ನಿಜವಾಗಿ ಇದ್ದ ಕೊರತೆ ಇಲ್ಲಿತ್ತು. ಹುಡುಗನ ಮಾತನ್ನು ಅವರು ಮೆಚ್ಚಿದರು, ಹಲಗೆಯ ಮೇಲೆ ಬರೆಯಲಿಲ್ಲ. ಮರುದಿನ ಬಂದ ಇನ್ನೊಬ್ಬ ಪ್ರಶಿಕ್ಷಣಾರ್ಥಿಗೆ ಅದರ ಸುಳಿವೇ ಇರಲಿಲ್ಲ. ನಾನು ಬರೆಯಬೇಕಾಗಿದ್ದ ಟಿಪ್ಪಣಿ ಅದು.

ವೀಕ್ಷಣಾ ನಮೂನೆಗೆ ಒಂದು ಕಾಲಂ ಸೇರಿಸಬೇಕೆಂದು ಕೇಳಿಕೊಂಡಿದ್ದೇನೆ: "ತೆರೆದಿಟ್ಟ ಪ್ರಶ್ನೆ, ಸಿಕ್ಕ ಸುಳಿವುಗಳ ದಾಖಲೆ, ಮುಂದಿನ ಹೆಜ್ಜೆ." ಅದಕ್ಕೆ ಎಷ್ಟು ಅಂಕ ಎಂಬ ಚರ್ಚೆ ನಡೆಯಲಿ, ಸೊನ್ನೆ ಅಂತೂ ಬೇಡ. ಆಕೆಯ ವೀಕ್ಷಣಾ ಪುಸ್ತಕವನ್ನು ವಾಪಸು ಕೇಳಿದ್ದೇನೆ. ಹಳೆಯ ಟಿಪ್ಪಣಿಯನ್ನು ಹೊಡೆದುಹಾಕದೆ ಅದರ ಕೆಳಗೆ ಇದನ್ನೂ ಬರೆದು ದಿನಾಂಕ ಹಾಕಬೇಕು. ಅಂಕ ಮಾತ್ರ ಆಗಲೇ ಪಟ್ಟಿ ಸೇರಿ ಹೋಗಿದೆ.