ಮೊದಲು ಕೈ, ಆಮೇಲೆ ಸಹಿ

ಲ್ಯಾಬ್ ಎಕ್ಸಾಮಿಗೆ ಇನ್ನು ಒಂದೇ ವಾರ ಅನ್ನುವಾಗ ನಮ್ಮ ಹಾಸ್ಟೆಲ್ಲಿನಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ವಸ್ತು ಯಾವುದು ಹೇಳ್ರಿ? ಲ್ಯಾಪ್‌ಟಾಪ್ ಅಲ್ಲ, ಯಾರೋ ಸೀನಿಯರ್ ಬಿಟ್ಟುಹೋದ ಹಳೇ ರೆಕಾರ್ಡ್ ಬುಕ್ಕು. ಅದರೊಳಗಿನ ರೀಡಿಂಗ್ ಇಡೀ ಬ್ಯಾಚಿಗೆ ಸಾಕಾಗತೈತಿ. ಪಾಯಿಂಟಿನ ಮುಂದಿನ ಅಂಕಿ ಒಂದೀಟು ಹಿಂದೆ ಮುಂದೆ ಮಾಡಿದ್ರ ಮುಗೀತು. ಮೋಟರ್ ತಿರುಗಿತೋ ಬಿಟ್ಟಿತೋ, ಗ್ರಾಫ್ ಮಾತ್ರ ನೆಟ್ಟಗೆ ಬರತೈತಿ, ಸಹಿ ಬೀಳತೈತಿ. ಇದಕ್ಕೆ ಯಾರೂ ಕಳ್ಳತನ ಅನ್ನೋದಿಲ್ಲ, 'ಅಡ್ಜಸ್ಟ್‌ಮೆಂಟ್' ಅಂತಾರೆ.

ಈ ಅಡ್ಜಸ್ಟ್‌ಮೆಂಟಿಗೆ ಜಾಗವೇ ಇಲ್ಲದ ಒಂದು ಕಲಿಕೆ ನಮ್ಮ ಪಕ್ಕದಲ್ಲೇ ನಡೀತಿದೆ. ಅದು ನಮಗೆ ಕಂಡದ್ದು ಕಾಲೇಜಿನಲ್ಲಲ್ಲ, ಸವದತ್ತಿಯ ಒಂದು ಹಲ್ಲಿನ ದವಾಖಾನೆಯಲ್ಲಿ. ನಮ್ಮ ಬಳಗದಲ್ಲಿ ಸವದತ್ತಿ, ರಾಮದುರ್ಗ ಕಡೆಯವರು ನಾಲ್ಕು ಜನ ಇದ್ದೀವಿ. ಹಿಂದಿನ ರಜೆಯಲ್ಲಿ ಅಲ್ಲಿನ ಡಾಕ್ಟರನ್ನು ಕೇಳಿಕೊಂಡು ಕೆಲವು ಭಾನುವಾರ ಹೋಗಿ ಕೂತೆವು. ಯಂತ್ರಗಳನ್ನು ನೋಡಬೇಕು ಅನ್ನೋದಷ್ಟೇ ನಮ್ಮ ಉದ್ದೇಶ. ಪೇಷಂಟ್ ಹ್ಞೂಂ ಅಂದರೆ ಮಾತ್ರ ಒಳಗೆ, ಇಲ್ಲಾಂದ್ರ ಹೊರಗಿನ ಬೆಂಚು.

ಭಾನುವಾರವೇ ಯಾಕಂದ್ರ ಅವತ್ತು ಸ್ಪೆಷಲಿಸ್ಟ್ ಬರ್ತಾರೆ. ತಾಲೂಕಾ ಊರುಗಳಲ್ಲಿ ಹೆಚ್ಚಾಗಿ ನಡೆಯೋದೇ ಹೀಗೆ. ಊರಿನಲ್ಲಿ ಬಿಡಿಎಸ್ ಮಾಡಿದ ಡಾಕ್ಟರ್ ದಿನಾ ಕೂರ್ತಾರೆ. ಬೇರಿನ ಚಿಕಿತ್ಸೆಯವರು, ತಂತಿ ಹಾಕುವವರು, ದವಡೆ ಆಪರೇಷನ್ ಮಾಡುವವರು ವಾರಕ್ಕೋ ತಿಂಗಳಿಗೋ ಒಮ್ಮೆ ದೊಡ್ಡ ಊರಿಂದ ಬಂದು ಹೋಗ್ತಾರೆ. ನಾವು ನೋಡಿದ ಮೇಡಂ ಧಾರವಾಡದಿಂದ ಬರುವವರು. ನಡುವೆ ಸುಮಾರು 40 ಕಿಲೋಮೀಟರ್ ದಾರಿ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆ ಹತ್ತಿರ ಬಂದ್ರ ಎಲ್ಲಮ್ಮನ ಗುಡ್ಡಕ್ಕ ಹೋಗೋ ಗಾಡಿ, ಟ್ರ್ಯಾಕ್ಟರ್ ನಡುವೆ ಆ 40 ಕಿಲೋಮೀಟರ್ ಎಷ್ಟಾಗತೈತಿ ಅನ್ನೋದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ.

ಮೇಡಂ ಮಾಡೋದು ರೂಟ್ ಕೆನಾಲ್. ಇಂಜಿನಿಯರಿಂಗ್ ಓದುವವರು ಇದನ್ನು ಒಮ್ಮೆಯಾದರೂ ಹತ್ತಿರದಿಂದ ನೋಡಬೇಕು. ಕೆಳಗಿನ ದವಡೆ ಹಲ್ಲು, ಅಂದ್ರ ಆರನೇ ವಯಸ್ಸಿಗೆ ಹುಟ್ಟಿ ಎಲ್ಲಕ್ಕಿಂತ ಮೊದಲು ಹುಳ ಹತ್ತುವ ಆ ದೊಡ್ಡ ಹಲ್ಲು, ಬೇರು ಸಮೇತ ಸುಮಾರು 21 ಮಿಲಿಮೀಟರ್ ಉದ್ದ. ಅದಕ್ಕೆ ಎರಡು ಬೇರು, ಸಾಮಾನ್ಯವಾಗಿ ಮೂರು ಕಾಲುವೆ. ಕಾಲುವೆ ಅಂದ್ರ ಮಲಪ್ರಭಾ ಕಾಲುವೆ ಅಲ್ಲ. ಒಳಗೆ ಹೋಗುವ ಮೊದಲ ಫೈಲಿನ ತುದಿ 0.10 ಮಿಲಿಮೀಟರ್. ಆ ದಾರಿ ನೇರ ಇರೋದಿಲ್ಲ, ಬಾಗಿರತೈತಿ. ಉಕ್ಕಿನ ಫೈಲಾದರೆ ಬಾಗಿದ ಕಡೆ ನೇರ ಹೋಗಾಕ ನೋಡತೈತಿ, ಗೋಡೆ ಕೊರೀತೈತಿ. ಅದಕ್ಕೇ ಈಗ ನಿಕಲ್-ಟೈಟೇನಿಯಂ. ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿ ಹುಟ್ಟಿದ ಲೋಹ ಇದು, ನಿಟಿನಾಲ್ ಅನ್ನುವ ಹೆಸರಿನ ಕೊನೆಯಲ್ಲಿ ಆ ಪ್ರಯೋಗಾಲಯದ ಹೆಸರಿನ ಮೊದಲಕ್ಷರಗಳೇ ಇವೆ. ಹಲ್ಲಿಗೆ ತಂತಿ ಕಟ್ಟಲು ಬಳಸುತ್ತಿದ್ದ ಅದೇ ನಿಟಿನಾಲ್ ತಂತಿಯಿಂದ ಫೈಲ್ ಮಾಡಿ ನೋಡಿದ ವಾಲಿಯಾ ಮತ್ತು ಸಂಗಡಿಗರ ಪ್ರಬಂಧ 1988ರಲ್ಲಿ ಬಂತು. ಬಾಗಿಸಿದಾಗ ಆಸ್ಟೆನೈಟ್ ಮಾರ್ಟೆನ್ಸೈಟ್ ಆಗೋದು, ಬಿಟ್ಟಾಗ ವಾಪಸ್ ಬರೋದು... ಮೆಕ್ಯಾನಿಕಲ್‌ನವರು ಮೆಟೀರಿಯಲ್ ಸೈನ್ಸಿನಲ್ಲಿ ಹತ್ತು ಮಾರ್ಕಿಗೆ ಬರೆಯುವ ಇದೇ ವಿಷಯ ಅಲ್ಲಿ ಒಬ್ಬ ಮನುಷ್ಯನ ಬಾಯಲ್ಲಿ ನಿಮಿಷಕ್ಕೆ 300 ಸುತ್ತು ತಿರುಗುತ್ತಿರತೈತಿ. ಹೆಚ್ಚು ಬಲ ಬಿದ್ದರೆ ಮೋಟರ್ ತಾನೇ ನಿಂತು ಹಿಂದಕ್ಕೆ ತಿರುಗತೈತಿ. ಆದರೂ ಬಾಗಿದ ಕಾಲುವೆಯಲ್ಲಿ ತಿರುಗೀ ತಿರುಗೀ ಲೋಹ ದಣಿದು ಫೈಲು ಒಳಗೇ ಮುರೀಬಹುದು. ಫಟೀಗ್ ಅಂದ್ರೇನು ಅಂತ ಅಲ್ಲಿ ಯಾರಿಗೂ ಡೆಫಿನಿಷನ್ ಬೇಕಾಗಿಲ್ಲ.

ಇಸಿಯವರಿಗೂ ಪಾಲಿದೆ. ಬೇರಿನ ತುದಿ ಎಲ್ಲಿ ಅಂತ ಕಣ್ಣಿಗೆ ಕಾಣೋದಿಲ್ಲವಲ್ಲ, ಅದನ್ನು ಹುಡುಕೋದು ಕರೆಂಟಿನಿಂದ. ತುಟಿಗೆ ಒಂದು ಕ್ಲಿಪ್ಪು, ಫೈಲಿಗೆ ಇನ್ನೊಂದು. 1962ರಲ್ಲಿ ಜಪಾನಿನ ಸುನಾಡಾ ಅನ್ನುವವರು ಬೇರಿನ ಸುತ್ತಲಿನ ಪೊರೆಗೂ ಬಾಯಿಯ ಒಳಚರ್ಮಕ್ಕೂ ನಡುವಿನ ರೋಧ ಹೆಚ್ಚುಕಡಿಮೆ ಎಲ್ಲರಲ್ಲೂ 6.5 ಕಿಲೋ ಓಮ್ ಅಂತ ತೋರಿಸಿದರು. ಕಾಲುವೆ ಒದ್ದೆ ಇದ್ದಾಗ ಆ ಲೆಕ್ಕ ತಪ್ಪತಿತ್ತು. ಆಮೇಲೆ ಬಂದ ಯಂತ್ರಗಳಲ್ಲಿ ಕೆಲವು 0.4 ಮತ್ತು 8 ಕಿಲೋಹರ್ಟ್ಜ್ ಎರಡರಲ್ಲೂ ಇಂಪೀಡೆನ್ಸ್ ಅಳೆದು ಅನುಪಾತ ನೋಡುತ್ತವೆ. ಎಂಥ ಚಂದದ ಪ್ರಾಬ್ಲಂ! ನಮ್ಮ ಮಿನಿ ಪ್ರಾಜೆಕ್ಟ್ ಪಟ್ಟಿಯಲ್ಲಿ ಇದು ಯಾವತ್ತೂ ಇರಲಿಲ್ಲ, ಗಿಡಕ್ಕ ತಾನೇ ನೀರು ಹಾಕೋ ಯಂತ್ರ ಮಾತ್ರ ಪ್ರತಿ ವರ್ಷ ಇರತೈತಿ.

ಆದರೆ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಯಂತ್ರ ಅಲ್ಲ, ಅಲ್ಲಿ ಕಲಿಸುವ ರೀತಿ. ಊರಿನ ಡಾಕ್ಟರ್ ಹತ್ತು ವರ್ಷದಿಂದ ಪ್ರಾಕ್ಟೀಸ್ ಮಾಡ್ತಿರೋರು, ವಯಸ್ಸಿನಲ್ಲಿ ಮೇಡಂಗಿಂತ ದೊಡ್ಡವರು. ಆದರೂ ಭಾನುವಾರ ಅವರು ವಿದ್ಯಾರ್ಥಿ. ವಾರದಲ್ಲಿ ತಾವು ಮಾಡಿದ ಕೇಸಿನ ಎಕ್ಸ್‌ರೇಗಳನ್ನು ಸಾಲಾಗಿ ಇಡ್ತಾರೆ. ಮೇಡಂ ಮೊದಲು ಏನೂ ಹೇಳೋದಿಲ್ಲ. "ಸರ್, ನೀವ ಹೇಳ್ರಿ, ಇದರಾಗ ಏನ್ ಕಾಣತೈತಿ?" ಅಂತ ಕೇಳ್ತಾರೆ. ತುಂಬಿದ ಮದ್ದು ಬೇರಿನ ತುದಿಗಿಂತ ಒಂದೆರಡು ಮಿಲಿಮೀಟರ್ ಒಳಗೆ ನಿಂತಿರಬೇಕು. ಮೂರು ಮಿಲಿಮೀಟರ್ ಹಿಂದೆ ನಿಂತಿದ್ದರೆ ಬಿಳಿ ಗೆರೆ ಅಲ್ಲೇ ಮುಗಿದಿರತೈತಿ. ಅದನ್ನು ಯಾವ ಸೀನಿಯರ್ ರೆಕಾರ್ಡಿನಿಂದಲೂ ತಿದ್ದಾಕ ಆಗೂದಿಲ್ಲ. ಡಾಕ್ಟರ್ ತಾವೇ ನೋಡಿ, ತಾವೇ ಹೇಳಿ, ಆ ಪೇಷಂಟನ್ನು ಮತ್ತೆ ಕರೆಸುವ ದಿನ ಬರೆದುಕೊಳ್ತಾರೆ. ನಮ್ಮೆದುರಿಗೇ! ಅವರಿಗೆ ಅದರಲ್ಲಿ ನಾಚಿಕೆ ಇರಲಿಲ್ಲ, ಕೂತು ನೋಡ್ತಿದ್ದ ನಮಗೇ ಮುಜುಗರ.

ಈ ರೂಢಿ ಕಾಲೇಜಿನಲ್ಲೇ ಬೀಳತೈತಂತ. ಬಿಡಿಎಸ್‌ಗೆ ನಾಲ್ಕು ವರ್ಷ, ಮೇಲೊಂದು ವರ್ಷ ಇಂಟರ್ನ್‌ಶಿಪ್, ಎಂಡಿಎಸ್‌ಗೆ ಮತ್ತೆ ಮೂರು. ಮೊದಲ ವರ್ಷ ಮೇಣದ ಗಟ್ಟಿಯಿಂದ ಹಲ್ಲು ಕೆತ್ತಿಸ್ತಾರೆ. ಅಳತೆ ತಪ್ಪಿದರೆ ಹೊಸ ಗಟ್ಟಿ, ಹೊಸದಾಗಿ ಶುರು. ಆಮೇಲೆ ಪ್ಲಾಸ್ಟಿಕ್ ಹಲ್ಲು, ಆಮೇಲೆ ಕಿತ್ತು ತೆಗೆದ ನಿಜವಾದ ಹಲ್ಲು, ಆಮೇಲಷ್ಟೇ ಮನುಷ್ಯನ ಬಾಯಿ. ಅಲ್ಲೂ ಕೊರೆದ ಮೇಲೆ ತೋರಿಸಬೇಕು, ತುಂಬಿದ ಮೇಲೆ ಮತ್ತೆ ತೋರಿಸಬೇಕು. ಒಂದೊಂದು ಹೆಜ್ಜೆಗೆ ಒಂದೊಂದು ಸಹಿ. ಅಲ್ಲಿ ಸಹಿಗೆ ಅರ್ಥ 'ನಾನು ನೋಡಿದೆ' ಅಂತ. ನಮ್ಮಲ್ಲಿ 'ನೀನು ಬರೆದೆ' ಅಂತ.

ಡೆಂಟಲ್ ಕಾಲೇಜಿನಲ್ಲಿ ಎಲ್ಲಾ ಬಂಗಾರ ಅಂತ ನಾವು ಹೇಳ್ತಿಲ್ಲ. ಇಂತಿಷ್ಟು ಕೇಸ್ ಮುಗಿಸಬೇಕು ಅನ್ನುವ ಕೋಟಾ ತುಂಬಿಸಾಕ ರೂಮ್‌ಮೇಟನ್ನೇ ಕುರ್ಚಿಗೆ ಕೂರಿಸಿ ಹಲ್ಲು ತಿಕ್ಕಿದ ಕತಿ ನಮಗೂ ಕೇಳಿಸಿದಾವು. ಫೀಸಿನ ಮಾತು ಬ್ಯಾಡೇ ಬ್ಯಾಡ. ಆದರೂ ರೂಮ್‌ಮೇಟನ ಹಲ್ಲಾದರೂ ನಿಜವಾದ ಹಲ್ಲೇ, ತಿಕ್ಕಿದ್ದೂ ನಿಜ.

ಇನ್ನೊಬ್ಬರ ಬಗ್ಗೆ ಹೇಳದೇ ಮುಂದೆ ಹೋಗಾಕ ಮನಸ್ಸಿಲ್ಲ. ಅಲ್ಲಿನ ಅಸಿಸ್ಟಂಟ್ ಅಕ್ಕ, ಪಿಯುಸಿ ಓದಿದವರು, ಹತ್ತಿರದ ಹಳ್ಳಿಯಿಂದ ಬಸ್ಸಿಗೆ ಬರ್ತಾರೆ. ಸಾಮಾನು ಕುದಿಸುವ ಆಟೋಕ್ಲೇವ್ ಅವರ ಕೈಯಲ್ಲಿ. 121 ಡಿಗ್ರಿ, 15 ಪೌಂಡ್ ಒತ್ತಡ, 15 ನಿಮಿಷ. ಪೊಟ್ಟಣದ ಮೇಲೆ ಅಂಟಿಸಿದ ಪಟ್ಟಿಯ ಗೆರೆಗಳು ಕಪ್ಪಾಗಬೇಕು. ಒಂದು ಭಾನುವಾರ ನಡುವೆ ಕರೆಂಟ್ ಹೋಯಿತು. ಹೊರಗೆ ಜನ ಕೂತಿದ್ದಾರೆ, ಮೇಡಂಗೆ ಅವಸರ. ಅಕ್ಕ ಪೊಟ್ಟಣ ನೋಡಿ, "ಪಟ್ಟಿ ಕರ್ರಗಾಗಿಲ್ರಿ ಮೇಡಂ, ಇದು ಕೊಡಂಗಿಲ್ಲ" ಅಂದರು. ಮೇಡಂ ಒಂದು ಮಾತೂ ಆಡದೆ ಕಾದರು. ಡಿಗ್ರಿ ಇಲ್ಲದ ಒಬ್ಬರು ಎಂಟು ವರ್ಷ ಓದಿದವರಿಗೆ 'ಇಲ್ಲ' ಅಂದದ್ದು, ಅವರು ಅದನ್ನು ಕೇಳಿದ್ದು. ಇದು ಯಾವ ಸಿಲೆಬಸ್ಸಿನಲ್ಲಿ ಬರತೈತಿ?

"ಅಲ್ಲೋ, ಅಲ್ಲಿ ಮನುಷ್ಯನ ಬಾಯಿ ಇರತೈತಿ, ನಮ್ಮ ಲ್ಯಾಬಿನ್ಯಾಗ ರೀಡಿಂಗ್ ತಪ್ಪಿದ್ರ ಯಾರಿಗ್ ನೋವು?" ಅಂತ ಕ್ಯಾಂಟೀನಿನಲ್ಲಿ ಗೆಳೆಯರು ಕೇಳಿದರು. ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ನಮಗೆ ಸಿಕ್ಕಿದ್ದು ಇನ್ನೊಂದು ಭಾನುವಾರ.

ಅವತ್ತು ಕಂಪ್ರೆಸರ್ ಸ್ಟಾರ್ಟ್ ಆಗಲಿಲ್ಲ. ಗುಂಯ್ ಅಂತಿತ್ತು, ತಿರುಗುತ್ತಿರಲಿಲ್ಲ. ಹಲ್ಲು ಕೊರೆಯುವ ಏರೋಟರ್ ನಿಮಿಷಕ್ಕೆ ಮೂರು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗೋದು ಗಾಳಿಯಿಂದ. ಗಾಳಿ ಇಲ್ಲಾಂದ್ರ ಹಲ್ಲಿನ ಬಾಗಿಲೇ ತೆರೆಯಂಗಿಲ್ಲ. ಕಂಪನಿಯ ಸರ್ವಿಸ್‌ನವರು ಹುಬ್ಬಳ್ಳಿಯಿಂದ ಬರಬೇಕು, ಅದೂ ಭಾನುವಾರ ಅಲ್ಲ. ಸಾಲಿನಲ್ಲಿ ಹಳ್ಳಿಯಿಂದ ಬಂದ ರೈತರೊಬ್ಬರಿದ್ದರು, ಮೂವತ್ತೈದರ ಆಸುಪಾಸು. ಅವರದ್ದು ಅದೇ ಕೆಳದವಡೆ ಹಲ್ಲು, ಉಳಿಸಬಹುದಾದದ್ದು. ಮೇಡಂ ಎಷ್ಟೋ ಹೇಳಿದರು, "ಅಣ್ಣಾರ, ಮುಂದಿನ ವಾರ ಬರ್ರಿ, ಹಲ್ಲು ಉಳೀತೈತಿ, ಅಲ್ಲಿತನಕ ನೋವಿಗೆ ಔಷಧ ಕೊಡ್ತೀನಿ." ಅವರು ತಲೆ ಅಲ್ಲಾಡಿಸಿದರು. "ಹದಿನೈದು ದಿನ ನಿದ್ದಿ ಇಲ್ರಿ ಅಕ್ಕಾರ. ಜ್ವಾಳ ಕೊಯ್ಲು ನಡದೈತಿ, ಮತ್ತ ಬರಾಕ ಆಗೂದಿಲ್ಲ. ಕಿತ್ತು ಒಗೀರಿ." ಕೀಳಾಕ ಗಾಳಿ ಬೇಕಾಗಿಲ್ಲ. ಇಂಜೆಕ್ಷನ್ ಮತ್ತು ಇಕ್ಕಳ ಸಾಕು. ಹತ್ತು ನಿಮಿಷದಲ್ಲಿ ಹಲ್ಲು ಟ್ರೇಯಲ್ಲಿತ್ತು.

ಮಧ್ಯಾಹ್ನದ ಮೇಲೆ ಬಜಾರಿನ ಒಬ್ಬ ರಿವೈಂಡಿಂಗ್ ಮಿಸ್ತ್ರಿಯನ್ನು ಮನೆಯಿಂದ ಕರೆತಂದರು. ಹೊಲದ ಪಂಪ್‌ಸೆಟ್ ಮೋಟರ್ ಸುತ್ತುವವರು. ಬಂದವರೇ ಸದ್ದು ಕೇಳಿದರು, ಶಾಫ್ಟ್ ಕೈಯಿಂದ ತಿರುಗಿಸಿ ನೋಡಿದರು, ಮುಚ್ಚಳ ಬಿಚ್ಚಿದರು. ಉಬ್ಬಿದ ಕೆಪಾಸಿಟರ್. ಚೀಲದಿಂದ ಇನ್ನೊಂದು ತೆಗೆದು ಹಾಕಿದರು. ಅರ್ಧ ತಾಸೂ ಆಗಿರಲಿಲ್ಲ. ಸಿಂಗಲ್ ಫೇಸ್ ಮೋಟರಿಗೆ ಸ್ಟಾರ್ಟಿಂಗ್ ಟಾರ್ಕ್ ಯಾಕೆ ಇರೋದಿಲ್ಲ, ಕೆಪಾಸಿಟರ್ ಯಾಕೆ ಬೇಕು ಅನ್ನೋದರ ಮೇಲೆ ನಮ್ಮ ಕಾಲೇಜಿನಲ್ಲಿ ಪ್ರತಿ ಸೆಮಿಸ್ಟರ್ ಪ್ರಶ್ನೆ ಬೀಳತೈತಿ. ಫೇಸರ್ ಡೈಗ್ರಾಂ ಸಮೇತ ಪೂರ್ತಿ ಮಾರ್ಕು ತೆಗೆದವರು ನಮ್ಮ ನಾಲ್ವರಲ್ಲೇ ಇದ್ದಾರೆ. ಆದರೆ ಉಬ್ಬಿದ ಕೆಪಾಸಿಟರ್ ಹೆಂಗಿರತೈತಿ ಅಂತ ತೋರಿಸುವ ಲ್ಯಾಬು ನಾಲ್ಕು ವರ್ಷದಲ್ಲಿ ಒಂದೂ ಇಲ್ಲ. ನಮ್ಮ ಕಡೆ ಕೆಟ್ಟ ಯಂತ್ರವನ್ನು ಲ್ಯಾಬಿನಿಂದ ಹೊರಗೆ ಸಾಗಿಸ್ತಾರೆ. ಕಲಿಯಾಕ ಬೇಕಾದದ್ದೇ ಅದು.

ಹಾಗಾಗಿ ಗೆಳೆಯರ ಪ್ರಶ್ನೆಗೆ ನಮ್ಮ ಉತ್ತರ: ನೋವು ಇರತೈತಿ, ನಮ್ಮ ಲ್ಯಾಬಿನಿಂದ ದೂರ ಇರತೈತಿ ಅಷ್ಟ.

ಈಗ ನಮ್ಮ ಬೇಡಿಕೆ. ವಿಟಿಯು ನಿಯಮದಂತೆ ನಾಲ್ಕು ವರ್ಷ ಓದುವವರೆಲ್ಲರೂ 100 ಆ್ಯಕ್ಟಿವಿಟಿ ಪಾಯಿಂಟ್ ಗಳಿಸಬೇಕು. ಸಸಿ ನೆಟ್ಟು ಫೋಟೋ ತೆಗೆಸಿಕೊಂಡದ್ದು ಎಷ್ಟು, ಆ ಸಸಿ ಉಳಿದದ್ದು ಎಷ್ಟು ಅಂತ ಇಲ್ಲಿ ಕೆದಕೋದಿಲ್ಲ. ಅದರಲ್ಲೊಂದು ಪಾಲನ್ನು ಸವದತ್ತಿ, ಬೈಲಹೊಂಗಲ, ಕಿತ್ತೂರು, ರಾಮದುರ್ಗದಂಥ ಊರುಗಳ ಸಣ್ಣ ದವಾಖಾನೆಗಳಿಗೆ ಕೊಡಲಿ. ಕಂಪ್ರೆಸರಿನ ಟ್ಯಾಂಕಿನಲ್ಲಿ ನಿಂತ ನೀರು ಬಿಡೋದು, ಇನ್ವರ್ಟರ್ ಬ್ಯಾಟರಿ ನೋಡೋದು, ಆಟೋಕ್ಲೇವಿನೊಳಗೆ ಗಡಸು ನೀರಿನ ಸುಣ್ಣ ಕಟ್ಟಿದೆಯೋ ನೋಡೋದು, ಕೆಪಾಸಿಟರ್ ಅಳೆಯೋದು. ಎಕ್ಸ್‌ರೇ ಯಂತ್ರ ಮಾತ್ರ ಮುಟ್ಟೂದು ಬ್ಯಾಡ, ಅದಕ್ಕೆ ಎಇಆರ್‌ಬಿ ನಿಯಮಗಳಿವೆ, ಅಧಿಕೃತ ಸರ್ವಿಸ್‌ನವರೇ ಬರಬೇಕು. ಪಾಯಿಂಟಿಗೆ ಸಹಿ ಹಾಕುವವರು ಫೋಟೋ ನೋಡಿ ಹಾಕಬಾರದು, ಯಂತ್ರ ಚಾಲೂ ಮಾಡಿಸಿ ನೋಡಿ ಹಾಕಬೇಕು. ಇಇ ಮತ್ತು ಮೆಕ್ಯಾನಿಕಲ್ ವಿಭಾಗದ ಇಬ್ಬರು ಸರ್‌ಗಳ ಹತ್ತಿರ ಮಾತಾಡಿದ್ದೇವೆ. ಒಬ್ಬರು "ಬರೆದು ಕೊಡ್ರಪಾ" ಅಂದಿದ್ದಾರೆ, ಇನ್ನೊಬ್ಬರು ನಕ್ಕಿದ್ದಾರೆ.

ಬರೆದು ಕೊಟ್ಟಾಗಿದೆ. ಅದಕ್ಕೂ ಮೊದಲು ಕಲಿಯಾಕ ಒಂದು ಜಾಗ ಬೇಕಲ್ಲ, ಮಿಸ್ತ್ರಿ ಕಾಕಾರನ್ನೇ ಕೇಳಿದೆವು. ಅವರು ತಮ್ಮ ಗುರುವಿನ ಅಂಗಡಿಯಲ್ಲಿ ಮೊದಲ ಒಂದು ವರ್ಷ ಬರೇ ಸುಟ್ಟ ಮೋಟರಿನ ತಂತಿ ಬಿಚ್ಚಿದವರಂತ, ಸುತ್ತಾಕ ಕೊಟ್ಟದ್ದು ಆಮೇಲೆ. ದಸರಾ ರಜೆಯಲ್ಲಿ ಸಲಕ್ಕೆ ನಾಲ್ಕು ಜನರನ್ನು ಕೂರಿಸಿಕೊಳ್ತೀನಿ ಅಂದಿದ್ದಾರೆ. "ತಮ್ಮಾ, ಹಳೇ ಅರಬಿ ಹಾಕ್ಕೊಂಡ್ ಬರ್ರಿ, ಮೊಬೈಲ್ ಗಲ್ಲಾದಾಗ ಇಡಬೇಕು, ಸಂಜೀತನಕ ಕೇಳಂಗಿಲ್ಲ" ಅನ್ನೋದು ಅವರ ಷರತ್ತು. ಈ ಬರಹ ಮುಗಿಸುವ ಹೊತ್ತಿಗೆ ಏಳು ಜನ ಹೆಸರು ಕೊಟ್ಟಿದ್ದಾರೆ, ಮೊಬೈಲಿನ ಮಾತು ಕೇಳಿ ಇಬ್ಬರು ವಾಪಸ್ ತಗೊಂಡಿದ್ದಾರೆ.